ಒಂದು ಹಳೆಯ ಕಡತವನ್ನು ಓದಿದ ಬಗೆ



ಮೂವತ್ತಾರು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನಾನು ನಿವೃತ್ತಿಯ ನಂತರ ಕಲಿತ ವಿದ್ಯೆಯೊಂದರ ಬಗ್ಗೆ ಇಂದು ಬರೆಯುತ್ತಿದ್ದೇನೆ. ‘ಸಿ’ ಭಾಷೆಯಲ್ಲಿ ಕ್ರಮವಿಧಿ ಬರೆದು, ದ್ವಿಮಾನ ರೂಪದಲ್ಲಿರುವ ಕಡತವೊಂದನ್ನು ತೆರೆದು, ಅದರೊಳಗಿನ ಅಂಕಗಳ ಸಾಲನ್ನು ಓದುವ ಮತ್ತು ಅದರಲ್ಲಿ ಬೇಕಾದುದನ್ನು ಹುಡುಕುವ ವಿದ್ಯೆ ಅದು. ನಿಮ್ಮಲ್ಲಿ ಸಾಫ್ಟ್‌ವೇರ್ ಕ್ಷೇತ್ರದಲ್ಲಿರುವವರಿಗೆ ಇದು ಮೊದಲ ವರ್ಷದ ಪಾಠ. ಅಡಿಕೆ ತೋಟ, ಅಂಗಡಿ, ಅಡುಗೆಮನೆ ನೋಡಿಕೊಳ್ಳುವವರಿಗೆ ಇದು ದೂರದ ವಿಷಯವೆನಿಸಬಹುದು. ಆದರೆ ಆ ಕಡತದೊಳಗೆ ನಿಮ್ಮಲ್ಲಿ ಹಲವರ ಹೆಸರಿತ್ತು ಎಂದರೆ ಸ್ವಲ್ಪ ಹೊತ್ತು ಕುಳಿತು ಓದುವಿರೆಂದು ನಂಬಿದ್ದೇನೆ.

1998ರಲ್ಲಿ ಹಳೆಯ ವಿದ್ಯಾರ್ಥಿಗಳು ಕೂಡಿ ನಮ್ಮ ಶಾಲೆಗೆ ಒಂದು ಕಂಪ್ಯೂಟರನ್ನು ಕೊಡಿಸಿದ್ದು ಕೆಲವರಿಗಾದರೂ ನೆನಪಿರಬೇಕು. ಮುಖ್ಯೋಪಾಧ್ಯಾಯರ ಕೊಠಡಿಯ ಮೂಲೆಯಲ್ಲಿ ಹಳದಿ ಬಟ್ಟೆ ಹೊದ್ದು ಅದು ಕುಳಿತಿರುತ್ತಿತ್ತು. ಅದೇ ವರ್ಷ, ಆಗ ಪಾಲಿಟೆಕ್ನಿಕ್‌ನ ಕೊನೆಯ ವರ್ಷದಲ್ಲಿ ಓದುತ್ತಿದ್ದ ನಮ್ಮ ಶಾಲೆಯ ಹುಡುಗನೊಬ್ಬ ಬಂದು, ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ದಾಖಲಿಸಲು ಟರ್ಬೊ ಸಿ ಯಲ್ಲಿ ಒಂದು ಕ್ರಮವಿಧಿಯನ್ನು ಬರೆದುಕೊಟ್ಟ. ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. 1998ರಿಂದ 2004ರವರೆಗೆ ನಾವು ಅದನ್ನು ಬಳಸಿದೆವು. ಆಮೇಲೆ ಬೇರೆ ಕಂಪ್ಯೂಟರ್ ಬಂತು, ಬೇರೆ ವ್ಯವಸ್ಥೆ ಬಂತು, ಹಳೆಯ ಯಂತ್ರ ಗುಜರಿಗೆ ಹೋಯಿತು. ಕ್ರಮವಿಧಿ ಅದರೊಂದಿಗೇ ಹೋಯಿತು. ಅಂಕಗಳಿದ್ದ ಕಡತ ಮಾತ್ರ ಫ್ಲಾಪಿಯಿಂದ ಸಿಡಿಗೆ, ಸಿಡಿಯಿಂದ ಪೆನ್ ಡ್ರೈವಿಗೆ ಕೈಬದಲಾಗುತ್ತ ಉಳಿದುಕೊಂಡಿತ್ತು. ಬರೆದ ಹುಡುಗನನ್ನು ಕೇಳೋಣವೆಂದರೆ ಅವನಿಲ್ಲ. 2009ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ಆ ಕಡತದ ಅಗತ್ಯ ಬಿದ್ದದ್ದು 2021ರಲ್ಲಿ. ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸ ಮಾಡುತ್ತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದಳು. ಭವಿಷ್ಯನಿಧಿಯ ದಾಖಲೆಯಲ್ಲಿ ಅವಳ ಜನ್ಮದಿನಾಂಕ ತಾಳೆಯಾಗದೆ, ಹನ್ನೆರಡು ವರ್ಷ ದುಡಿದ ಹಣ ಕೈಗೆ ಬಾರದೆ ನಿಂತಿತ್ತು. ಓದಿದ ಶಾಲೆಯಿಂದ ಜನ್ಮದಿನಾಂಕದ ಪತ್ರ ತರಬೇಕಿತ್ತು. ಹತ್ತನೆಯ ತರಗತಿಯ ನಂತರ ಓದು ನಿಲ್ಲಿಸಿದ್ದರಿಂದ ಅವಳು ಟಿ.ಸಿ. ಪಡೆದೇ ಇರಲಿಲ್ಲ. ಶಾಲೆಯಲ್ಲಿ ವಿಚಾರಿಸಿದರೆ, ಆ ವರ್ಷಗಳ ಅಡ್ಮಿಷನ್ ರಿಜಿಸ್ಟರ್ ಒಂದು ಮಳೆಗಾಲದಲ್ಲಿ ಸೋರಿದ ಮಾಡಿನ ಕೆಳಗಿದ್ದು, ಪುಟಗಳ ಎಡಭಾಗವೆಲ್ಲ ನೀರು ಕುಡಿದಿತ್ತು. ಹೆಸರಿನ ಅಂಕಣದಲ್ಲಿ ಇಂಕು ಹರಡಿ ನೀಲಿ ಮೋಡ. ಅದೃಷ್ಟವಶಾತ್ ಆಗಿನ ಗುಮಾಸ್ತರು ದಾಖಲಾತಿ ಸಂಖ್ಯೆಯನ್ನು ಮಾತ್ರ ಬಾಲ್‌ಪೆನ್ನಿನಲ್ಲಿ ಬರೆಯುತ್ತಿದ್ದರು, ಅದು ಅಳಿಸಿರಲಿಲ್ಲ. ಬಲಬದಿಯ ಜನ್ಮದಿನಾಂಕದ ಅಂಕಣವೂ ಉಳಿದಿತ್ತು. ಸಂಖ್ಯೆ ಗೊತ್ತಿದ್ದರೆ ಸಾಲನ್ನು ಗುರುತಿಸಬಹುದು. ಆ ಸಂಖ್ಯೆಯೇ ಯಾರಿಗೂ ಗೊತ್ತಿರಲಿಲ್ಲ. ಅದು ಪೆನ್ ಡ್ರೈವಿನಲ್ಲಿದ್ದ ಆ ಕಡತದಲ್ಲಿ ಇದ್ದೇ ಇರಬೇಕೆಂಬುದು ನನ್ನ ನೆನಪು.

ನಾನು ನಿವೃತ್ತನಾದದ್ದು 2020ರಲ್ಲಿ, ಊರಿಗೆ ಊರೇ ಬಾಗಿಲು ಮುಚ್ಚಿಕೊಂಡಿದ್ದ ದಿನಗಳಲ್ಲಿ. ಬೀಳ್ಕೊಡುಗೆಯ ಸಮಾರಂಭವೂ ಇಲ್ಲ, ಹೊರಗೆ ಹೋಗುವಂತೆಯೂ ಇಲ್ಲ. ಬಿ.ಇ. ಓದುತ್ತಿದ್ದ ನನ್ನ ತಂಗಿಯ ಮಗಳು ನಮ್ಮ ಮನೆಯಲ್ಲೇ ಉಳಿದುಕೊಂಡು ಪಾಠ ಕೇಳುತ್ತಿದ್ದಳು. “ಮಾವ, ಸುಮ್ಮನೆ ಕೂತು ಬೇಜಾರು ಮಾಡ್ಕೋಬೇಡಿ, ಸಿ ಕಲೀರಿ. ಗಣಿತದವರಿಗೆ ಕಷ್ಟ ಆಗಲ್ಲ” ಎಂದು ಅವಳೇ ನನಗೆ ಗುರುವಾದಳು. ಡೆನ್ನಿಸ್ ರಿಚಿ ಎಂಬ ಮಹನೀಯ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿ ರೂಪಿಸಿದ ಭಾಷೆ ಇದು. ಅವನೂ ಬ್ರಿಯಾನ್ ಕರ್ನಿಘನ್ ಎಂಬವನೂ ಸೇರಿ 1978ರಲ್ಲಿ ಪ್ರಕಟಿಸಿದ ಪುಸ್ತಕ ಇಂದಿಗೂ ಇದರ ಮೂಲಗ್ರಂಥ. ಮಿತಭಾಷಿಯಾದ ಭಾಷೆ. ನೀವು ಹೇಳಿದ್ದನ್ನು ಮಾಡುತ್ತದೆ. ನೀವು ಹೇಳಿದ್ದು ಸರಿಯೇ ಎಂದು ಬಹುಮಟ್ಟಿಗೆ ಕೇಳುವುದಿಲ್ಲ.

ಮೊದಲು ದ್ವಿಮಾನ ಕಡತವೆಂದರೇನು ಎಂಬುದನ್ನು ಹೇಳಬೇಕು. ಎಸ್.ಎಸ್.ಎಲ್.ಸಿ.ಯ ಗರಿಷ್ಠ ಅಂಕ 625 ಎಂಬುದು ನಿಮಗೆಲ್ಲ ಗೊತ್ತು. ಇದನ್ನು ಸಾಮಾನ್ಯ ಪಠ್ಯವಾಗಿ ಬರೆದಿಟ್ಟರೆ ಆರು, ಎರಡು, ಐದು ಎಂಬ ಮೂರು ಚಿಹ್ನೆಗಳಿಗೆ ಮೂರು ಬೈಟುಗಳು ಬೇಕು. ಆ ಚಿಹ್ನೆಗಳ ಸಂಕೇತ ಕ್ರಮವಾಗಿ 54, 50, 53. ದ್ವಿಮಾನ ಕಡತದಲ್ಲಿ ಸಂಖ್ಯೆಯನ್ನು ಚಿಹ್ನೆಗಳಾಗಿ ಬರೆಯುವುದಿಲ್ಲ. ಯಂತ್ರದ ನೆನಪಿನಲ್ಲಿ ಅದು ಹೇಗಿರುತ್ತದೆಯೋ ಹಾಗೆಯೇ ಇಡುತ್ತಾರೆ. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಮಾತ್ರ ಹಿಡಿಯುವುದರಿಂದ 625ಕ್ಕೆ ಎರಡು ಬೈಟು ಬೇಕು. 625ನ್ನು 256ರಿಂದ ಭಾಗಿಸಿದರೆ ಭಾಗಲಬ್ಧ 2, ಶೇಷ 113. ಕಡತದಲ್ಲಿ ಮೊದಲು 113, ಅನಂತರ 2 ಕುಳಿತಿರುತ್ತದೆ. ಚಿಕ್ಕ ಸ್ಥಾನ ಮೊದಲು, ದೊಡ್ಡ ಸ್ಥಾನ ಆಮೇಲೆ.

ಇದು ತಲೆಕೆಳಗೆಂದು ತೋರಬಹುದು. ಸಂಗೀತ ಬಲ್ಲವರಿಗೆ ತೋರದು. ಮೇಳಕರ್ತ ರಾಗಗಳ ಸಂಖ್ಯೆಯನ್ನು ಕಟಪಯಾದಿ ಕ್ರಮದಿಂದ ತಿಳಿಯುವ ಬಗೆಯನ್ನು ನೆನೆಯಿರಿ. ಧೀರಶಂಕರಾಭರಣದ ‘ಧ’ಕಾರಕ್ಕೆ 9, ‘ರ’ಕಾರಕ್ಕೆ 2. ಮೊದಲ ಅಕ್ಷರವೇ ಬಿಡಿಸ್ಥಾನವಾದ್ದರಿಂದ ಅದು 29ನೆಯ ಮೇಳ. ಮೇಚಕಲ್ಯಾಣಿಯ ‘ಮ’ 5, ‘ಚ’ 6, ಆದ್ದರಿಂದ 65. ಅಂಕೆಗಳನ್ನು ಎಡಕ್ಕೆ ನಡೆಸಬೇಕೆಂಬ ನಮ್ಮ ಹಿರಿಯರ ನಿಯಮವನ್ನೇ ಈ ಯಂತ್ರಗಳೂ ಪಾಲಿಸುತ್ತಿವೆ. ದೊಡ್ಡ ಸ್ಥಾನವನ್ನು ಮೊದಲಿಡುವ ಯಂತ್ರಗಳೂ ಇದ್ದವು. ಯಾವುದು ಸರಿ ಎಂಬ ಜಗಳವನ್ನು ಕಂಡು ಡ್ಯಾನಿ ಕೊಹೆನ್ ಎಂಬ ವಿಜ್ಞಾನಿ 1980ರಲ್ಲಿ, ಗಲಿವರನ ಪ್ರವಾಸದ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಜನರ ಹೆಸರನ್ನೇ ಈ ಎರಡು ಪಂಗಡಗಳಿಗೂ ಇಟ್ಟ.

ಮುಖ್ಯವಾದ ಮಾತೆಂದರೆ, ಕಡತದಲ್ಲಿ ಬೈಟುಗಳು ಮಾತ್ರ ಇರುತ್ತವೆ. ಅವುಗಳ ಅರ್ಥ ಅಲ್ಲಿ ಬರೆದಿರುವುದಿಲ್ಲ. 65 ಎಂಬ ಬೈಟು ಕಂಡರೆ ಅದು ಇಂಗ್ಲಿಷಿನ ‘ಎ’ ಅಕ್ಷರವಿರಬಹುದು, ಹಿಂದಿಯಲ್ಲಿ ಬಂದ 65 ಅಂಕವಿರಬಹುದು, ದೊಡ್ಡ ಸಂಖ್ಯೆಯೊಂದರ ಅರ್ಧವಿರಬಹುದು. ಕುಮುದೇಂದು ಮುನಿಯ ಸಿರಿಭೂವಲಯದ ಬಗ್ಗೆ ಕೇಳಿದ್ದೀರಲ್ಲ? 27 ಸಾಲು, 27 ಕಂಬ, ಒಟ್ಟು 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳನ್ನಷ್ಟೇ ತುಂಬಿದ ಕಾವ್ಯ ಅದು. ಯಾವ ಅಂಕಿ ಯಾವ ಧ್ವನಿ, ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕು ಎಂಬ ಬಂಧದ ಕ್ರಮ ತಿಳಿಯದವನಿಗೆ ಅದು ಬರಿಯ ಅಂಕಿಗಳ ರಾಶಿ. ನನ್ನ ಮುಂದಿದ್ದದ್ದೂ ಅಂಥದೇ ಒಂದು ಪುಟ್ಟ ರಾಶಿ. ಬಂಧವನ್ನು ಬಲ್ಲವನು ಇರಲಿಲ್ಲ.

ಇನ್ನು ‘ಅರೇ’ ಎಂಬುದು. ಅಳಗುಳಿಮಣೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಅಳತೆಯ ಗುಳಿಗಳು ಒಂದರ ಪಕ್ಕ ಒಂದು. ಸಿ ಭಾಷೆಯ ಅರೇ ಕೂಡ ಹಾಗೆಯೇ, ಒಂದೇ ಗಾತ್ರದ ಮನೆಗಳ ಸಾಲು. ಪ್ರತಿಯೊಂದು ಮನೆಗೂ ಹೆಸರಿಲ್ಲ, ಸ್ಥಾನವಿದೆ. ಮೊದಲ ಮನೆಯ ಸ್ಥಾನ 1 ಅಲ್ಲ, 0. ಸ್ಥಾನವೆಂದರೆ ಆರಂಭದಿಂದ ಎಷ್ಟು ಮನೆ ದಾಟಬೇಕು ಎಂದರ್ಥ. ಮೊದಲ ಮನೆಗೆ ಹೋಗಲು ಯಾವ ಮನೆಯನ್ನೂ ದಾಟಬೇಕಿಲ್ಲ. ಆರು ವಿಷಯಗಳ ಅಂಕಗಳಿಗೆ 0ಯಿಂದ 5ರವರೆಗೆ ಆರು ಮನೆಗಳು. ಗಾತ್ರ ಸಮನಾಗಿರುವುದರಿಂದ ಯಾವ ಮನೆ ಎಲ್ಲಿದೆ ಎಂಬುದು ಒಂದು ಗುಣಾಕಾರದಿಂದ ತಿಳಿಯುತ್ತದೆ. ಕಡತಕ್ಕೂ ಇದೇ ನ್ಯಾಯ. ಒಂದು ಮಗುವಿನ ದಾಖಲೆ ಎಷ್ಟು ಬೈಟು ಎಂದು ಗೊತ್ತಿದ್ದರೆ, ‘ಎಫ್‌ಸೀಕ್’ ಎಂಬ ಆಜ್ಞೆಯಿಂದ ನೂರನೆಯ ಮಗುವಿನ ಬಳಿಗೆ ನೇರವಾಗಿ ಜಿಗಿಯಬಹುದು, ‘ಎಫ್‌ರೀಡ್’ ಎಂಬ ಆಜ್ಞೆಯಿಂದ ಅಲ್ಲಿಂದ ಬೇಕಾದಷ್ಟು ಬೈಟುಗಳನ್ನು ಎತ್ತಿಕೊಳ್ಳಬಹುದು.

ಒಂದು ದಾಖಲೆ ಎಷ್ಟು ಬೈಟು ಎಂಬುದೇ ನಮಗೆ ಗೊತ್ತಿರಲಿಲ್ಲ. ಬಿ.ಎಡ್. ತರಗತಿಯಲ್ಲಿ ಕಲಿಸಿದ ಬೋಧನಾ ಸೂತ್ರವೊಂದಿದೆ: ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕು. ನಮಗೆ ತಿಳಿದಿದ್ದದ್ದು ಏನು? ಕಡತದ ಉದ್ದ 38,340 ಬೈಟು. ಎಲ್ಲ ದಾಖಲೆಗಳೂ ಒಂದೇ ಗಾತ್ರದವಾದರೆ ದಾಖಲೆಯ ಗಾತ್ರ 38,340ರ ಅಪವರ್ತನವಾಗಿರಲೇಬೇಕು. ಹೆಸರು, ಹುಟ್ಟಿದ ದಿನ, ಆರು ಅಂಕ ಇವಿಷ್ಟು ಇರುವ ದಾಖಲೆ ಸುಮಾರು 40ರಿಂದ 60 ಬೈಟು ಇರಬಹುದೆಂದು ಊಹಿಸಿದೆ. ಆ ಮಿತಿಯೊಳಗೆ ಬರುವ ಅಪವರ್ತನಗಳು 45, 54 ಮತ್ತು 60 ಮಾತ್ರ. ಆಮೇಲೆ ಕಡತದ ಮೊದಲ ಇನ್ನೂರು ಬೈಟುಗಳನ್ನು ಸಂಖ್ಯೆಗಳಾಗಿ ಮುದ್ರಿಸಿ ನೋಡಿದೆವು. ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಮೊದಲ ಹೆಸರು 2ನೆಯ ಸ್ಥಾನದಲ್ಲಿ ಆರಂಭವಾಗುತ್ತಿತ್ತು, ಮುಂದಿನದು 47ರಲ್ಲಿ, ಅದರ ಮುಂದಿನದು 92ರಲ್ಲಿ. ಅಂತರ 45. ಅಂದರೆ ಕಡತದಲ್ಲಿ 852 ಮಕ್ಕಳಿದ್ದರು.

ಆ 45 ಬೈಟುಗಳೊಳಗೆ ಯಾವುದು ಏನು ಎಂಬುದನ್ನು ಬಿಡಿಸುವ ಕೆಲಸ ಎರಡು ಸಂಜೆಗಳನ್ನು ತಿಂದಿತು. ದಾಖಲೆಗಳನ್ನು ಒಂದರ ಕೆಳಗೊಂದು ಬರೆದಾಗ 30ನೆಯ ಸ್ಥಾನದಲ್ಲಿ ಎಲ್ಲ ಮಕ್ಕಳಿಗೂ 7 ಎಂಬ ಅಂಕಿಯೇ ಇತ್ತು. ಇದೇನಿದು, ಎಲ್ಲರಿಗೂ ಏಳು? ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು. 256ನ್ನು 7ರಿಂದ ಗುಣಿಸಿದರೆ 1792. ಅದಕ್ಕೆ ಹಿಂದಿನ ಬೈಟಾದ 192ನ್ನು ಕೂಡಿಸಿದರೆ 1984. ಹುಟ್ಟಿದ ವರ್ಷ! 1792ರಿಂದ 2047ರೊಳಗೆ ಹುಟ್ಟಿದ ಯಾರೇ ಆಗಲಿ, ಎರಡು ಬೈಟುಗಳಲ್ಲಿ ಬರೆದ ಅವರ ಜನ್ಮವರ್ಷದಲ್ಲಿ ಈ ಏಳು ಇದ್ದೇ ಇರುತ್ತದೆ. ಅದರ ಹಿಂದಿನ ಎರಡು ಬೈಟುಗಳು ದಿನ ಮತ್ತು ತಿಂಗಳು. ಮುಂದಿನ ಹನ್ನೆರಡು ಬೈಟುಗಳು ಎರಡೆರಡರಂತೆ ಆರು ಅಂಕಗಳು. ಕೊನೆಯ ಎರಡು ಬೈಟುಗಳು ಮೊತ್ತವಿರಬಹುದೆಂದುಕೊಂಡೆ. ಆರು ಅಂಕಗಳನ್ನು ಕೂಡಿ ಕೊನೆಯದರೊಂದಿಗೆ ಹೋಲಿಸುವ ಪುಟ್ಟ ಕ್ರಮವಿಧಿ ಬರೆದು ಓಡಿಸಿದೆವು. 852 ಮಕ್ಕಳಲ್ಲಿ ಒಬ್ಬರಿಗೂ ತಪ್ಪಲಿಲ್ಲ. ಉತ್ತರವನ್ನು ತಾಳೆ ನೋಡದೆ ಲೆಕ್ಕ ಮುಗಿಯಿತೆನ್ನಬಾರದು ಎಂದು ನಿಮಗೆಲ್ಲ ಹೇಳುತ್ತಿದ್ದೆನಲ್ಲ, ಅದು ಇಲ್ಲಿಯೂ ಕೈಹಿಡಿಯಿತು.

ಇಷ್ಟು ತಿಳಿದ ಮೇಲೂ ಹಾದಿಯಲ್ಲಿ ಕೆಲವು ಹೊಂಡಗಳಿವೆ. ನನ್ನ ಗುರುವು ಒಂದೊಂದನ್ನೂ ಬೇಕೆಂದೇ ಮಾಡಿ ತೋರಿಸಿದಳು.

ಮೊದಲನೆಯದು ಗಾತ್ರದ್ದು. ಟರ್ಬೊ ಸಿ ಯಲ್ಲಿ ‘ಇಂಟ್’ ಎಂಬ ಪೂರ್ಣಾಂಕಕ್ಕೆ ಎರಡು ಬೈಟು. ಇಂದಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ನಾಲ್ಕು. ಹಳೆಯ ರಚನೆಯನ್ನೇ ಅಕ್ಷರಶಃ ಬರೆದು, ಅದರ ಗಾತ್ರವೆಷ್ಟೆಂದು ‘ಸೈಜ್‌ಆಫ್’ ಮೂಲಕ ಕೇಳಿದರೆ ಅವಳ ಲ್ಯಾಪ್‌ಟಾಪ್ 64 ಎಂದಿತು. 38,340 ಅದರಿಂದ ನಿಶ್ಶೇಷವಾಗಿ ಭಾಗವಾಗುವುದೇ ಇಲ್ಲ. ಎರಡು ಬೈಟಿನ ‘ಶಾರ್ಟ್’ ಎಂದು ಬದಲಿಸಿದರೆ 46 ಎಂದಿತು. ಒಂದೇ ಒಂದು ಬೈಟು ಹೆಚ್ಚು! ಎರಡು ಬೈಟಿನ ಸಂಖ್ಯೆಗಳು ಸಮಸ್ಥಾನದಲ್ಲೇ ಆರಂಭವಾಗಲೆಂದು, ತಿಂಗಳು ಮತ್ತು ವರ್ಷದ ನಡುವೆ ಯಂತ್ರವು ತಾನೇ ಒಂದು ಖಾಲಿ ಬೈಟನ್ನು ಸೇರಿಸಿಕೊಳ್ಳುತ್ತದೆ. ಅದರ ಪರಿಣಾಮವನ್ನು ನೋಡಬೇಕಿತ್ತು. ಮೊದಲ ಮಗುವಿನ ಹೆಸರು ಸರಿಯಾಗಿ ಬಂತು. ಎರಡನೆಯ ಮಗುವಿನ ಹೆಸರಿನಲ್ಲಿ ಮೊದಲ ಅಕ್ಷರ ಮಾಯ. ಮೂರನೆಯದರಲ್ಲಿ ಎರಡು ಅಕ್ಷರ ಮಾಯ. ಹೀಗೆ ಒಂದೊಂದೇ ಅಕ್ಷರ ಸವೆಯುತ್ತ ಹೋಗಿ, ಇಪ್ಪತ್ತು ಮಕ್ಕಳು ದಾಟುವುದರೊಳಗೆ ಯಾರ ಹೆಸರೂ ಹೆಸರಾಗಿ ಉಳಿಯಲಿಲ್ಲ. ಆದ್ದರಿಂದ ರಚನೆಯ ಗೊಡವೆಯೇ ಬೇಡವೆಂದು, 45 ಬೈಟುಗಳ ಒಂದು ಅರೇಯೊಳಗೆ ಪ್ರತಿ ದಾಖಲೆಯನ್ನು ಓದಿಕೊಂಡು, ಬೇಕಾದ ಸಂಖ್ಯೆಯನ್ನು ನಾವೇ ಎರಡೆರಡು ಬೈಟು ಜೋಡಿಸಿ ಪಡೆದೆವು: ಮೊದಲನೆಯದು, ಜೊತೆಗೆ ಎರಡನೆಯದರ 256 ಪಟ್ಟು.

ಎರಡನೆಯದು ಕಡತವನ್ನು ತೆರೆಯುವ ಬಗೆ. ‘ಎಫ್‌ಓಪನ್’ ಆಜ್ಞೆಗೆ ‘ಆರ್’ ಎಂದಷ್ಟೇ ಹೇಳಿದರೆ ವಿಂಡೋಸ್ ವ್ಯವಸ್ಥೆ ಅದನ್ನು ಪಠ್ಯವೆಂದು ಭಾವಿಸುತ್ತದೆ. ‘ಆರ್‌ಬಿ’ ಎಂದರೆ ದ್ವಿಮಾನ. ಡಾಸ್ ಕಾಲದಿಂದ ಬಂದ ಸಂಪ್ರದಾಯದಂತೆ ಪಠ್ಯದಲ್ಲಿ 26 ಎಂಬ ಬೈಟು ಬಂದರೆ ಕಡತ ಮುಗಿಯಿತೆಂದು ಅರ್ಥ. ಅವಳು ‘ಆರ್’ ಎಂದು ತೆರೆದು ತೋರಿಸಿದಾಗ ಹದಿನೆಂಟು ಮಕ್ಕಳ ನಂತರ ಓದು ನಿಂತುಹೋಯಿತು. ಹತ್ತೊಂಬತ್ತನೆಯ ಮಗುವಿಗೆ ವಿಷಯವೊಂದರಲ್ಲಿ 26 ಅಂಕ ಬಂದಿತ್ತು! ಅದರ ಜೊತೆಗೆ ಹಿಂದಿನ ಅಷ್ಟೂ ಮಕ್ಕಳು, ಒಟ್ಟು 834 ಮಂದಿ, ಕಡತದಲ್ಲಿದ್ದೂ ಇಲ್ಲವಾದರು. ಯಾರೋ ಒಬ್ಬರು ಅನುತ್ತೀರ್ಣರಾದ ಕಡೆಗೆ ಇಡೀ ಶಾಲೆ ಮುಗಿಯಿತೆಂದು ಯಂತ್ರ ತಿಳಿದುಕೊಂಡಿತು. ಮನುಷ್ಯರಲ್ಲಿಯೂ ಹೀಗೆ ತಿಳಿಯುವವರಿದ್ದಾರೆ. ಆ ಮಾತು ಇನ್ನೊಮ್ಮೆ ಬರೆಯುತ್ತೇನೆ. ಲಿನಕ್ಸ್‌ನಲ್ಲಿ ಈ ವ್ಯತ್ಯಾಸವಿಲ್ಲ, ಆದರೂ ‘ಆರ್‌ಬಿ’ ಎಂದು ಬರೆಯುವ ಅಭ್ಯಾಸವೇ ಲೇಸು.

ಮೂರನೆಯದು ಮುಕ್ತಾಯದ್ದು. ಕಡತ ಮುಗಿಯಿತೇ ಎಂದು ಮೊದಲು ಕೇಳಿ ಆಮೇಲೆ ಓದುವ ಕ್ರಮ ಅನೇಕ ಕ್ರಮವಿಧಿಗಳಲ್ಲಿ ಕಾಣುತ್ತದೆ. ಕಡತ ಮುಗಿದಿದೆ ಎಂಬುದು ಯಂತ್ರಕ್ಕೆ ತಿಳಿಯುವುದು ಓದಲು ಹೋಗಿ ಬರಿಗೈಯಲ್ಲಿ ಹಿಂದಿರುಗಿದಾಗ ಮಾತ್ರ. ಹೀಗಾಗಿ ಕೊನೆಯ ಮಗುವಿನ ಹೆಸರು ಎರಡು ಬಾರಿ ಅಚ್ಚಾಗುತ್ತದೆ. ‘ಎಫ್‌ರೀಡ್’ ತಾನು ಎಷ್ಟು ಓದಿದೆನೆಂದು ಪ್ರತಿ ಬಾರಿಯೂ ಹೇಳುತ್ತದೆ. ಅದರ ಮಾತನ್ನು ಕೇಳಿಸಿಕೊಂಡರೆ ಸಾಕು.

ಈಗ ಹುಡುಕಾಟಕ್ಕೆ ಬರೋಣ. ಹುಡುಕುವುದರಲ್ಲಿ ಎರಡು ಬಗೆ. ಮೊದಲಿನಿಂದ ಕೊನೆಯವರೆಗೆ ಒಂದೊಂದನ್ನೇ ನೋಡುತ್ತ ಹೋಗುವುದು ಒಂದು. ನಿಘಂಟಿನಲ್ಲಿ ಪದ ಹುಡುಕುವಂತೆ ನಡುವಿನ ಪುಟ ತೆರೆದು, ಮುಂದೋ ಹಿಂದೋ ಎಂದು ನಿರ್ಧರಿಸಿ, ಉಳಿದರ್ಧವನ್ನು ಬಿಟ್ಟುಬಿಡುವುದು ಇನ್ನೊಂದು. ಇದಕ್ಕೂ ಇಂಗ್ಲಿಷಿನಲ್ಲಿ ‘ಬೈನರಿ’ ಎಂಬ ವಿಶೇಷಣವಿದೆ. ಬೈನರಿ ಕಡತಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಎರಡೆಂಬುದು ಬರೆಯುವ ಅಂಕಿಗಳಿಗೆ ಸೇರಿದ್ದು, ಇಲ್ಲಿ ಹೋಳು ಮಾಡುವುದಕ್ಕೆ ಸೇರಿದ್ದು. 852 ದಾಖಲೆಗಳಲ್ಲಿ ನಡುವಿನದು 425ನೆಯ ಸ್ಥಾನ. ಅದನ್ನು 45ರಿಂದ ಗುಣಿಸಿದರೆ 19,125. ಆ ಬೈಟಿಗೆ ಜಿಗಿದು ದಾಖಲಾತಿ ಸಂಖ್ಯೆ ಓದಬೇಕು. ಬೇಕಾದದ್ದು ಅದಕ್ಕಿಂತ ದೊಡ್ಡದಾದರೆ ಮುಂದಿನ ನಡು 638, ಬೈಟು 28,710. ಹೀಗೆ ಹೆಚ್ಚೆಂದರೆ ಹತ್ತು ಬಾರಿ ನೋಡುವುದರೊಳಗೆ ಸಂಖ್ಯೆ ಸಿಗಬೇಕು, ಇಲ್ಲವೇ ಇಲ್ಲವೆಂದು ತಿಳಿಯಬೇಕು. ದಾಖಲೆಗಳು ಕ್ರಮವಾಗಿ ಜೋಡಿಸಿರಬೇಕೆಂಬುದೊಂದೇ ಷರತ್ತು. ಪರೀಕ್ಷಿಸಿ ನೋಡಿದೆವು. ನಮ್ಮ ಹುಡುಗ ಎಲ್ಲ ವರ್ಷಗಳ ಮಕ್ಕಳನ್ನೂ ದಾಖಲಾತಿ ಸಂಖ್ಯೆಯ ಏರಿಕೆಯಲ್ಲಿ ತಪ್ಪದೆ ಜೋಡಿಸಿಟ್ಟಿದ್ದ.

ಇಷ್ಟು ಸರಳವೆನಿಸುವ ವಿಧಾನದಲ್ಲಿಯೂ ಮುಳ್ಳುಗಳಿವೆ. 2006ರಲ್ಲಿ ಜೋಶುವಾ ಬ್ಲಾಕ್ ಎಂಬ ತಜ್ಞ, ಜಾವಾ ಭಾಷೆಯ ಗ್ರಂಥಾಲಯದಲ್ಲಿದ್ದ ಇದೇ ಕ್ರಮವಿಧಿಯಲ್ಲಿ ಒಂಬತ್ತು ವರ್ಷಗಳಷ್ಟು ಕಾಲ ದೋಷವೊಂದು ಅಡಗಿತ್ತೆಂದು ಬರೆದ. ಆದಿ ಮತ್ತು ಅಂತ್ಯದ ಸ್ಥಾನಗಳನ್ನು ಕೂಡಿ ಎರಡರಿಂದ ಭಾಗಿಸುವಾಗ, ಸಾಲು ತೀರ ಉದ್ದವಾಗಿದ್ದರೆ ಆ ಮೊತ್ತವೇ ಮನೆಯಲ್ಲಿ ಹಿಡಿಯದೆ ಉಕ್ಕಿ ಋಣಸಂಖ್ಯೆಯಾಗುತ್ತದೆ. ವ್ಯತ್ಯಾಸದ ಅರ್ಧವನ್ನು ಆದಿಗೆ ಕೂಡಿಸಿದರೆ ಈ ತೊಂದರೆಯಿಲ್ಲ. ಎರಡು ಸೂತ್ರಗಳೂ ಬೀಜಗಣಿತದಲ್ಲಿ ಒಂದೇ. ಯಂತ್ರದಲ್ಲಿ ಒಂದೇ ಅಲ್ಲ. ನಾನು ತರಗತಿಯಲ್ಲಿದ್ದಾಗ ಈ ಉದಾಹರಣೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಆದರೆ ಅರ್ಧಿಸಿ ಹುಡುಕಲು ದಾಖಲಾತಿ ಸಂಖ್ಯೆ ಗೊತ್ತಿರಬೇಕು, ನಮಗೆ ಬೇಕಾಗಿದ್ದದ್ದೇ ಅದು. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ನೋಡುವ ಸಾಮಾನ್ಯ ದಾರಿಯೇ ಗತಿಯಾಯಿತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ‘ಲಕ್ಷ್ಮಿ’ ಎಂಬ ಭಾಗವಿದೆ ಎಂದಷ್ಟೇ ಹೇಳುತ್ತೇನೆ. ಈ ಒಂದು ಪದವನ್ನು ನಾವು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತೇವೆಂಬುದು ನಿಮಗೆ ಗೊತ್ತು. ‘ಎಕ್ಸ್’ ಹಾಕುವವರು, ‘ಕೆ ಎಸ್ ಎಚ್’ ಬರೆಯುವವರು, ‘ಎಚ್’ ಬಿಡುವವರು. ಅವಳು ಹೇಳಿದ ಕಾಗುಣಿತದಲ್ಲಿ ಒಂದು ದಾಖಲೆಯೂ ಸಿಗಲಿಲ್ಲ. ಹುಟ್ಟಿದ ದಿನದಿಂದ ಹುಡುಕೋಣವೆಂದರೆ, ದೀಪಾವಳಿಯ ಹೊತ್ತಿಗೆ ಹುಟ್ಟಿದ್ದೆಂದು ತಾಯಿ ಹೇಳುತ್ತಿದ್ದುದಷ್ಟೇ ಅವಳಿಗೆ ಗೊತ್ತಿತ್ತು. ಆ ತಿಂಗಳುಗಳಲ್ಲಿ ಅವಳನ್ನು ಹೋಲುವ ಯಾರೂ ಇರಲಿಲ್ಲ. ಒಂದನೆಯ ತರಗತಿಗೆ ಸೇರಿಸುವಾಗ ಮೇಷ್ಟರೇ ಜೂನ್ 1 ಎಂದು ಬರೆದುಕೊಂಡ ಮಕ್ಕಳು ಆ ಕಡತದಲ್ಲಿ ಡಜನ್‌ಗಟ್ಟಲೆ ಇದ್ದರು.

ಕೊನೆಗೆ ಅವಳನ್ನೇ ಕೇಳಿದೆ, “ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಷ್ಟು ಬಂದಿತ್ತಮ್ಮಾ, ಏನಾದರೂ ನೆನಪಿದೆಯೇ?”

ಕ್ಷಣವೂ ತಡವಾಗಲಿಲ್ಲ. “ಕನ್ನಡದಲ್ಲಿ ನೂರಾ ಹನ್ನೊಂದು, ಸರ್.” ಸ್ವಲ್ಪ ತಡೆದು, “ಲೆಕ್ಕದ್ದು ಮಾತ್ರ ಕೇಳ್ಬೇಡಿ” ಎಂದು ನಕ್ಕಳು.

ಕನ್ನಡವೆಂದರೆ ಅಂಕಗಳ ಅರೇಯಲ್ಲಿ 0ನೆಯ ಮನೆ. ದಾಖಲೆಯ 31ನೆಯ ಬೈಟು 111, 32ನೆಯದು 0 ಆಗಿರುವವರನ್ನೆಲ್ಲ ಹುಡುಕುವಂತೆ ಕ್ರಮವಿಧಿಯಲ್ಲಿ ಒಂದು ಸಾಲು ಬದಲಿಸಿದೆವು. 852 ಮಕ್ಕಳಲ್ಲಿ ಇಬ್ಬರು ಸಿಕ್ಕರು. ಒಬ್ಬ ಹುಡುಗ. ಇನ್ನೊಂದು ಹೆಸರಿನಲ್ಲಿ ‘ಲಕ್ಷ್ಮಿ’ ಇತ್ತು, ನಾವು ಯಾರೂ ಊಹಿಸದ ನಾಲ್ಕನೆಯ ಕಾಗುಣಿತದಲ್ಲಿ. 111, 48, 62, 24, 37, 55. ಮೊತ್ತ 337. ಹುಟ್ಟಿದ್ದು ಜೂನ್ 1, 1984. ಜೊತೆಗೆ ದಾಖಲಾತಿ ಸಂಖ್ಯೆ. ಇಪ್ಪತ್ತೊಂದು ವರ್ಷ ತನ್ನ ಸಂಖ್ಯೆಯನ್ನೂ ಕಾಗದಪತ್ರವನ್ನೂ ಕಳೆದುಕೊಂಡಿದ್ದ ಹೆಣ್ಣುಮಗಳು ಆ ಒಂದು ಅಂಕವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಕಂಪ್ಯೂಟರಿನ ಕಡತವನ್ನು ಪುರಾವೆಯೆಂದು ಯಾವ ಕಚೇರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಸಂಖ್ಯೆ ಸಿಕ್ಕಿತ್ತು. ಈಗಿನ ಮುಖ್ಯೋಪಾಧ್ಯಾಯರು ಹಾಳಾದ ರಿಜಿಸ್ಟರನ್ನು ಬಿಸಿಲಿಗೆ ಹಿಡಿದು ಆ ಸಂಖ್ಯೆಯ ಸಾಲಿಗೆ ಹೋದರು. ಹೆಸರಿನ ಜಾಗದಲ್ಲಿ ನೀಲಿ ಕಲೆ. ಅದರಾಚೆ, ನಿಯಮದಂತೆ ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಬರೆದ ಜನ್ಮದಿನಾಂಕ ಸ್ಪಷ್ಟವಾಗಿತ್ತು. ತಂದೆಯ ಹೆಸರಿನ ಕೊನೆಯ ಎರಡು ಅಕ್ಷರಗಳೂ ತಾಳೆಯಾದವು. ಮೂಲ ದಾಖಲೆಯ ಆಧಾರದ ಮೇಲೆ ದೃಢೀಕರಣ ಪತ್ರ ಹೊರಟಿತು. ನಾಲ್ಕು ತಿಂಗಳ ನಂತರ ಹಣ ಬಂತೆಂದು ಅವಳ ಕರೆ ಬಂತು. ಮಗಳ ಕಾಲೇಜಿನ ಶುಲ್ಕಕ್ಕೆ ಅದು ಬೇಕಾಗಿತ್ತಂತೆ.

ಆಮೇಲೆಯೂ ನಾನು ಆ ಕಡತವನ್ನು ಬಿಡಲಿಲ್ಲ. ಹೆಸರಿಗೆ ಆ ಹುಡುಗ 25 ಬೈಟು ಇಟ್ಟಿದ್ದೇಕೆ ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. 20 ಇಡಬಹುದಿತ್ತು, 30 ಇಡಬಹುದಿತ್ತು. ಎಲ್ಲ ಹೆಸರುಗಳ ಉದ್ದವನ್ನೂ ಅಳೆದು ನೋಡಿದೆ. ಅತಿ ಉದ್ದದ ಹೆಸರು, ಮೊದಲ ವರ್ಷದ ತಂಡದ ಒಬ್ಬನದು, ಇಂಗ್ಲಿಷಿನಲ್ಲಿ 24 ಅಕ್ಷರ. ಹೆಸರು ಮುಗಿಯಿತೆಂದು ಸೂಚಿಸುವ ಸೊನ್ನೆಗೆ ಇನ್ನೊಂದು ಬೈಟು. ಕ್ರಮವಿಧಿ ಬರೆಯುವ ಮೊದಲು ಅವನು ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಎಲ್ಲರಿಗಿಂತ ಉದ್ದದ ಹೆಸರಿನವನನ್ನು ಹುಡುಕಿ, ಅವನ ಹೆಸರು ತುಂಡಾಗಬಾರದೆಂದು ಎಣಿಸಿ ಜಾಗ ಮಾಡಿದ್ದನೆಂದೇ ನನ್ನ ನಂಬಿಕೆ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಇನ್ನೊಂದು ಸಂಗತಿಯೂ ಕಂಡಿತು. ಚಿಕ್ಕ ಹೆಸರುಗಳ ಕೊನೆಯ ಸೊನ್ನೆಯ ಆಚೆಗೆ ಬೇರೆ ಯಾವುದೋ ಹೆಸರಿನ ಬಾಲ ಉಳಿದಿರುತ್ತಿತ್ತು. ಉದಾಹರಣೆಗೆ ಉಮೇಶ, ಸೊನ್ನೆ, ಅದರಾಚೆ ಚಂದ್ರಶೇಖರನ ಕೊನೆಯ ಎಂಟು ಅಕ್ಷರ. ಒಂದೇ ಜಾಗದಲ್ಲಿ ಒಂದಾದ ಮೇಲೊಂದು ಹೆಸರು ತುಂಬಿದಾಗ ಹಿಂದಿನದರ ಉಳಿಕೆ ಅಳಿಸದೆ ಕಡತಕ್ಕೆ ಸೇರುತ್ತದೆ. ಪರದೆಯ ಮೇಲೆ ಅದೆಂದೂ ಕಾಣದು, ಸೊನ್ನೆ ಕಂಡೊಡನೆ ಓದು ನಿಲ್ಲುತ್ತದೆ. ಬೈಟುಗಳನ್ನು ಎಣಿಸಿ ನೋಡಿದವರಿಗೆ ಮಾತ್ರ ಯಾರ ಹೆಸರಿನ ನಂತರ ಯಾರ ಹೆಸರನ್ನು ಬೆರಳಚ್ಚಿಸಿದರೆಂಬುದು ತಿಳಿಯುತ್ತದೆ. ಬಾಗಿಲ ಸಂದಿಯಿಂದ ಹಳೆಯ ತರಗತಿಯೊಂದನ್ನು ಇಣುಕಿ ನೋಡಿದಂತಾಯಿತು.

ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ನೀವು ಬರೆದ ಕ್ರಮವಿಧಿಗಳಿಗಿಂತ ಅವು ಬರೆದಿಟ್ಟ ಕಡತಗಳು ಹೆಚ್ಚು ಕಾಲ ಬದುಕುತ್ತವೆ. ಯಾವ ಸ್ಥಾನದಲ್ಲಿ ಏನಿದೆ, ಎಷ್ಟು ಬೈಟು, ಚಿಕ್ಕ ಸ್ಥಾನ ಮೊದಲೋ ದೊಡ್ಡದೋ ಎಂಬುದನ್ನು ಸರಳ ಪಠ್ಯದಲ್ಲಿ ಹತ್ತು ಸಾಲು ಬರೆದು ಕಡತದ ಜೊತೆಯಲ್ಲೇ ಇಡಿ. ಸಾಧ್ಯವಾದರೆ ಕಾಗದದ ಮೇಲೂ ಬರೆದು ಕಪಾಟಿನಲ್ಲಿಡಿ. ಹೆಸರನ್ನು ಕನ್ನಡದಲ್ಲಿಯೇ ಇಡುವ ಅನುಕೂಲ ಈಗಿದೆ, ಜಾಗ ಮಾತ್ರ ಧಾರಾಳವಾಗಿ ಬಿಡಿ. ಇಂದು ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು ಬೇಕು. ‘ಕೃಷ್ಣಮೂರ್ತಿ’ ಎಂದು ಬರೆದರೆ 33 ಬೈಟು. ನಮ್ಮ ಹುಡುಗನ 25ರಲ್ಲಿ ಅದು ಹಿಡಿಯುವುದಿಲ್ಲ. ಆ ಕಡತದ ಬಂಧವನ್ನು ನಾನೂ ನನ್ನ ತಂಗಿಯ ಮಗಳೂ ಒಂದು ಪುಟದಲ್ಲಿ ಬರೆದು, ಮೇಲೆ ಅವನ ಹೆಸರು ಹಾಕಿ, ಶಾಲೆಗೆ ಕೊಟ್ಟಿದ್ದೇವೆ. ಹೊಸ ರಿಜಿಸ್ಟರಿನ ಒಳರಟ್ಟಿಗೆ ಅದನ್ನು ಅಂಟಿಸಿದ್ದಾರೆ.

ಇನ್ನು ಮನೆಗೆಲಸ. ಇಷ್ಟು ವರ್ಷಗಳ ಮೇಲೂ ಬಿಡುವುದಿಲ್ಲ! ಒಂದು ದಾಖಲೆಯ 27ನೆಯ ಸ್ಥಾನದಿಂದ 30ರವರೆಗಿನ ಬೈಟುಗಳು ಹೀಗಿವೆ: 15, 8, 194, 7. ಕೊನೆಯ ಎರಡು ಬೈಟುಗಳು: 44, 1. ಈ ಮಗು ಹುಟ್ಟಿದ ದಿನ ಯಾವುದು? ಮೊತ್ತದಲ್ಲಿ ಎಷ್ಟು ಅಂಕ ಬಂದಿದೆ? ಉತ್ತರವನ್ನು ತಾಳೆ ನೋಡಿಯೇ ಕಳುಹಿಸಿ.